ಆಟವನ್ನು ಆಡಿಸಿ ತೋರಿಸಿ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಆತ್ಮೀಯರೇ,

ಹಾವೇರಿಯಿಂದ ತಾವು ಕಳುಹಿಸಿದ ‘ಕವಡೆಯಿಂದ ಕಂಪ್ಯೂಟರಿನವರೆಗೆ’ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡಬೇಕಾದ ಬರಹವೂ ಅದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲರ್ಧದಲ್ಲಿ ಚೌಕಾಬಾರ, ಹುಲಿಕಟ್ಟು, ಲಗೋರಿ, ಚಿಣಿಪಣಿಗಳ ಹೆಸರುಗಳಿವೆ, ಅವು ಮರೆಯಾದವೆಂಬ ದುಃಖವಿದೆ. ಅವನ್ನು ಆಡುವುದು ಹೇಗೆಂಬುದು ಮಾತ್ರ ಇಲ್ಲ. ಚೌಕಾಬಾರವನ್ನೇ ನೋಡಿ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ಕಟ್ಟಳೆ ಹಲವು ಕಡೆ ಇದೆ, ಮತ್ತು ಸುಮ್ಮನೆ ಓಡಿ ಗೆಲ್ಲಬಹುದಾಗಿದ್ದ ಆಟವನ್ನು ಬೆನ್ನಟ್ಟಿ ಹೊಡೆಯುವ ಆಟವನ್ನಾಗಿ ಮಾಡುವುದು ಆ ಒಂದು ಕಟ್ಟಳೆಯೇ. ಇಂಥದನ್ನು ಬರೆಯದೆ ಆಟದ ಇತಿಹಾಸ ಬರೆಯಲಾಗುವುದಿಲ್ಲ.

ಅಳಗುಳಿಮನೆಯ ಬಗ್ಗೆ ತಾವು ಬರೆದ ಒಂದು ವಾಕ್ಯ ನನಗೆ ಬಹಳ ಹಿಡಿಸಿತು: “ಅಜ್ಜಿ ಬರಿದಾದ ಗುಳಿಯನ್ನು ಬೆರಳಿನಿಂದ ಒರೆಸಿ, ಅದರ ಮುಂದಿನ ಗುಳಿಯ ಹರಳುಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದಳು.” ನಿಯಮವೂ ಕೈಯೂ ಅಲ್ಲಿ ಒಟ್ಟಿಗೇ ಕಾಣುತ್ತವೆ. ಲೇಖನ ಅಲ್ಲಿಂದಲೇ ಆರಂಭವಾಗಲಿ; ಅದಕ್ಕೂ ಮುಂಚಿನ ಪುಟವನ್ನು ಪೂರ್ತಿ ತೆಗೆಯಿರಿ.

“ಅನಾದಿಕಾಲದಿಂದಲೂ” ಎಂಬ ಮಾತು ಐದು ಕಡೆ ಬಂದಿದೆ. ಅದರ ಬದಲು, ಸುಮಾರು 1130ರ ಹೊತ್ತಿಗೆ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳನ್ನು ವಿವರಿಸಿದ್ದನ್ನು ಹೇಳಬಹುದಿತ್ತು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನ ಸಭಾಪರ್ವದಲ್ಲಿ ದ್ಯೂತದ ಪ್ರಸಂಗವೇ ಇದೆ. ಇಷ್ಟು ಹತ್ತಿರದ ಆಧಾರಗಳನ್ನು ಬಿಟ್ಟು ಅನಾದಿಕಾಲಕ್ಕೆ ಹೋಗುವ ಅಗತ್ಯವಿರಲಿಲ್ಲ.

ಉತ್ತರಾರ್ಧದ ತೊಂದರೆ ಇನ್ನೂ ದೊಡ್ಡದು. ವಿಡಿಯೋ ಗೇಮ್ ಬಂದೊಡನೆ ತಾವು ವಿವರಣೆ ನಿಲ್ಲಿಸಿ ದೂರು ಹೇಳತೊಡಗಿದ್ದೀರಿ. ‘ಪಾಂಗ್’ ಮೊದಲ ವಿಡಿಯೋ ಗೇಮ್ ಎಂಬುದೂ ತಪ್ಪು. ಅದು ಬಂದದ್ದು 1972ರಲ್ಲಿ, ಆದರೆ 1958ರಲ್ಲಿಯೇ ಅಮೆರಿಕದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ವಿದ್ಯುತ್ ಸಂಕೇತಗಳನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಡಿಸಿದ್ದರು, 1962ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ‘ಸ್ಪೇಸ್‌ವಾರ್’ ಸಿದ್ಧವಾಗಿತ್ತು. ಚೌಕಾಬಾರದ ಕಡಿಯುವ ಕಟ್ಟಳೆಗೆ ಜೊತೆಯಾಗಿ ನಿಲ್ಲುವ ಸಂಗತಿಗಳು ಇಲ್ಲಿಯೂ ಇವೆ. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ಉಳಿದವರ ವೇಗ ಹೆಚ್ಚುತ್ತದೆ; ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದಾಗ ಯಂತ್ರ ತಾನಾಗಿಯೇ ಚುರುಕಾಗುತ್ತಿದ್ದುದನ್ನು ಕಂಡ ಅದರ ನಿರ್ಮಾತೃ ತೊಮೊಹಿರೊ ನಿಶಿಕಾಡೊ, ಅದನ್ನು ಸರಿಪಡಿಸುವ ಬದಲು ಆಟದ ಸವಾಲಾಗಿ ಉಳಿಸಿಕೊಂಡರು. ಹಳೆಯದಕ್ಕೂ ಹೊಸದಕ್ಕೂ ನಡುವೆ ತಾವು ಎಬ್ಬಿಸಿದ ಗೋಡೆಯೂ ನಿಲ್ಲುವುದಿಲ್ಲ, ಏಕೆಂದರೆ ವಿಡಿಯೋ ಗೇಮ್ ಕಂಪನಿ ನಿಂಟೆಂಡೊ 1889ರಲ್ಲಿ ಜಪಾನಿನ ಕ್ಯೋಟೋದಲ್ಲಿ ಆರಂಭವಾದದ್ದು ಇಸ್ಪೀಟಿನಂಥ ಎಲೆಗಳನ್ನು ತಯಾರಿಸುವುದಕ್ಕಾಗಿ.

ಮೊಬೈಲ್ ಗೀಳಿನ ಕುರಿತ ಎರಡು ಪುಟಗಳನ್ನು ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ. ಅಜ್ಜಿಯ ಮಣೆ ಇನ್ನೂ ಮನೆಯಲ್ಲಿದ್ದರೆ ಅದರ ಫೋಟೋ ಒಂದನ್ನು ತೆಗೆದು, ಒಂದು ಪೂರ್ತಿ ಆಟದ ವಿವರದೊಂದಿಗೆ, ತಿದ್ದಿದ ಪ್ರತಿಯ ಜೊತೆಗೆ ಧಾರವಾಡಕ್ಕೆ ಕಳುಹಿಸಿ.

ತಮ್ಮ ವಿಶ್ವಾಸಿ,
ಸಂಪಾದಕ