ಜೀನ್ಸ್ ಫೋಟೊಗೆ 60 ಸಾವಿರದ ಕ್ಯಾಮೆರಾ ಬೇಕಾ? ಮೊದಲು ಟ್ಯೂಬ್‌ಲೈಟ್ ಆಫ್ ಮಾಡಿ

ನೀವು ಬಳ್ಳಾರಿಯಲ್ಲಿ ಒಂದು ಜೀನ್ಸ್ ಯೂನಿಟ್ಟಿನ ಮಾರ್ಕೆಟಿಂಗ್ ನೋಡಿಕೊಳ್ಳುತ್ತೀರಿ. ಈಗ ಆನ್‌ಲೈನ್ ಮಾರಾಟ ಶುರು ಮಾಡಿದ್ದೀರಿ. ಫೋಟೊದಲ್ಲಿ ಒಂದು ಬಣ್ಣ, ಕೈಗೆ ಬಂದಾಗ ಇನ್ನೊಂದು ಬಣ್ಣ ಅಂತ ಗಿರಾಕಿಗಳು ಮಾಲು ವಾಪಸ್ ಕಳಿಸುತ್ತಿದ್ದಾರೆ. ಅದಕ್ಕೆ 60 ಸಾವಿರದ ಕ್ಯಾಮೆರಾ ತಗೊಳ್ಳಲಾ ಅಂತ ಕೇಳಿದ್ದೀರಿ.

ಬೇಡ. ಸದ್ಯಕ್ಕಂತೂ ಬೇಡ. ಅದೇ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಯಾವ ಕ್ಯಾಮೆರಾದಲ್ಲೂ ಇದೇ ಗೋಳು.

ನಾನು ಗಂಗಾವತಿಯಲ್ಲಿ ಒಂದು ರೈಸ್ ಮಿಲ್ಲಿನ ಮಾರಾಟದ ಕೆಲಸ ನೋಡುತ್ತೇನೆ. ಕೆಲಸಕ್ಕೆ ಬೇಕಾಗಿ ಫೋಟೊ ಕಲಿತವನು. ಶುರುವಿನಲ್ಲಿ ಒಂದು ಸಂಜೆ ಸೋನಾ ಮಸೂರಿ ಸ್ಯಾಂಪಲ್ಲನ್ನು ತಟ್ಟೆಯಲ್ಲಿ ಹರಡಿ, ಗೋಡೌನಿನ ಹಳದಿ ಬಲ್ಬಿನ ಕೆಳಗೆ ಫೋಟೊ ತೆಗೆದು ಬೆಂಗಳೂರಿನ ವ್ಯಾಪಾರಿಯೊಬ್ಬರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. "ನಾನು ಕೇಳಿದ್ದು ಕುಸುಬಲಕ್ಕಿ ಅಲ್ಲಪ್ಪಾ" ಅಂದರು. ನಾನು ಕಳಿಸಿದ್ದು ಬಿಳಿ ಅಕ್ಕಿಯೇ. ಮರುದಿನ ಬೆಳಿಗ್ಗೆ ಅದೇ ತಟ್ಟೆಯನ್ನು ಆಫೀಸಿನ ಬಾಗಿಲ ಬಳಿ ಇಟ್ಟು, ಅದೇ ಫೋನಿನಲ್ಲಿ ತೆಗೆದೆ. ಕಾಳು ಕಾಳು ಬೇರೆಯಾಗಿ ಕಂಡಿತು, ಬಣ್ಣವೂ ಸರಿಯಾಗಿ ಬಂತು. ಬದಲಾಗಿದ್ದು ಬೆಳಕು ಮಾತ್ರ.

ನಿಮ್ಮ ಜೀನ್ಸಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಫೋನು ಬಣ್ಣವನ್ನು ತಾನೇ ಅಂದಾಜು ಮಾಡುತ್ತದೆ. ಚೌಕಟ್ಟಿನ ತುಂಬಾ ನೀಲಿಯೇ ಇದ್ದರೆ, ಬೆಳಕೇ ನೀಲಿ ಇರಬೇಕು ಅಂದುಕೊಂಡು ಹಳದಿ ಬೆರೆಸುತ್ತದೆ. ಆಗ ಒಳ್ಳೆಯ ಇಂಡಿಗೊ ಬಣ್ಣ ಬೂದಿ ಬೂದಿಯಾಗುತ್ತದೆ. ಬೆಳಕಿನ ಲೆಕ್ಕದಲ್ಲೂ ಹೀಗೇ. ಎಲ್ಲವನ್ನೂ ನಡುಮಟ್ಟದ ಹೊಳಪಿಗೆ ತರಲು ನೋಡುತ್ತದೆ. ಹಾಗಾಗಿ ಕಪ್ಪು ಜೀನ್ಸ್ ತೊಳೆದು ತೊಳೆದು ಮಾಸಿದ ಹಾಗೆ ಕಾಣುತ್ತದೆ, ನಮ್ಮ ಬಿಳಿ ಅಕ್ಕಿ ಮಂಕಾಗುತ್ತದೆ. ಪರದೆಯ ಮೇಲೆ ಬಟ್ಟೆ ಇರುವ ಕಡೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಲಾಕ್ ಆಗುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಬಂದರೆ ಕಪ್ಪು ಬಟ್ಟೆಗೆ ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿ ವಸ್ತುವಿಗೆ ಮೇಲಕ್ಕೆ.

ಜಾಗ ಎಲ್ಲಿ ಅಂದರೆ, ಅಂಗಡಿಯ ಶಟರ್ ಪೂರ್ತಿ ಎತ್ತಿ, ಬಿಸಿಲು ನೇರ ಬೀಳದ ಹಾಗೆ ಎರಡು ಹೆಜ್ಜೆ ಒಳಗೆ. ಉತ್ತರಕ್ಕೆ ಮುಖ ಮಾಡಿದ ಬಾಗಿಲಾದರೆ ಇನ್ನೂ ಒಳ್ಳೆಯದು. ಒಳಗಿನ ದೀಪ ಎಲ್ಲಾ ಆರಿಸಿ. ಹೊರಗಿನ ಬೆಳಕು, ಒಳಗಿನ ಟ್ಯೂಬ್‌ಲೈಟ್ ಎರಡೂ ಸೇರಿದರೆ ಒಂದೇ ಪ್ಯಾಂಟಿನ ಎರಡು ಕಾಲು ಎರಡು ಬಣ್ಣ ಬರುತ್ತವೆ. ಬಾಗಿಲಿಗೆ ಎದುರು ಬದಿಯಲ್ಲಿ ಒಂದು ಬಿಳಿ ಥರ್ಮೊಕೋಲ್ ಹಲಗೆ ನಿಲ್ಲಿಸಿದರೆ ಕತ್ತಲಿರುವ ಕಡೆಗೂ ಬೆಳಕು ಹೋಗುತ್ತದೆ. ನೀಲಿ ತಾಡಪತ್ರಿ, ಕೆಂಪು ಶಾಮಿಯಾನದ ಕೆಳಗೆ ಮಾತ್ರ ತೆಗೆಯಬೇಡಿ. ಆ ಬಣ್ಣವೆಲ್ಲಾ ಬಟ್ಟೆ ಮೇಲೆ ಬಂದು ಕೂರುತ್ತದೆ.

ಇನ್ನು ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ. ಮೇ ತಿಂಗಳ ಮೊದಲ ದಿನಗಳಲ್ಲಿ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಇರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಮುಗಿಯುತ್ತದೆ. ಆ ಹೊತ್ತಲ್ಲಿ ಅಂಗಳದಲ್ಲಿ ಮನುಷ್ಯರ ಫೋಟೊ ತೆಗೆದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಹೊಲಿಯುವವರ, ಕಟಿಂಗ್ ಮಾಡುವವರ ಚಿತ್ರ ಬೇಕಿದ್ದರೆ ಬೆಳಿಗ್ಗೆ ಕಿಟಕಿ ಪಕ್ಕದ ಮಿಷನ್ ಹತ್ತಿರ ತೆಗೆಯಿರಿ, ಅವರನ್ನು ಕೇಳಿಯೇ ತೆಗೆಯಿರಿ. ಸೂಜಿಯ ಕೆಳಗೆ ಬಟ್ಟೆ ತಳ್ಳುವ ಕೈ, ತಂಬಾಕು ಬಣ್ಣದ ದಾರದ ಜೋಡಿ ಹೊಲಿಗೆ, ಇಷ್ಟು ಹತ್ತಿರದಿಂದ ಕಂಡರೆ ಸಾಕು. ಮಾಲು ಯಾರ ಕೈಯಲ್ಲಿ ತಯಾರಾಗುತ್ತದೆ ಅಂತ ಗಿರಾಕಿಗೆ ಗೊತ್ತಾಗುತ್ತದೆ. ನನಗೆ ಅದು ತುಂಬಾ ಮುಖ್ಯ ಅನಿಸುತ್ತದೆ.

ಬಣ್ಣಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. ಮೊದಲ ಫೋಟೊದಲ್ಲಿ ಬಟ್ಟೆ ಪಕ್ಕ ಒಂದು ಬಿಳಿ ಹಾಳೆ ಇಡಿ. ಫೋಟೊ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪಿನ ವೈಟ್ ಬ್ಯಾಲೆನ್ಸ್‌ನಲ್ಲಿ ಬಣ್ಣ ಹೆಕ್ಕುವ ಡ್ರಾಪರ್ ಇದೆ. ಅದನ್ನು ಹಾಳೆ ಮೇಲೆ ಇಟ್ಟರೆ ಬಣ್ಣ ಬಹುಪಾಲು ಸರಿಹೋಗುತ್ತದೆ. ಆಮೇಲೆ ಅದೇ ಪ್ಯಾಂಟನ್ನು ಬಾಗಿಲ ಬೆಳಕಿನಲ್ಲಿ ಫೋನಿನ ಪಕ್ಕ ಹಿಡಿದು ನೋಡಿ. ಕಣ್ಣಿಗೆ ತಂಪು ಅಂತ ಹಾಕಿರುವ ಹಳದಿ ಪರದೆಯ ಸೆಟ್ಟಿಂಗ್ ಆಗ ಆಫ್ ಇರಲಿ. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಚಂದ ಮಾಡುವ ಫಿಲ್ಟರ್ ಹಾಕಲೇಬೇಡಿ. ವಾಪಸ್ ಬಂದ ಪ್ರತಿ ಪ್ಯಾಂಟಿಗೂ ಕೊರಿಯರ್ ದುಡ್ಡು ಹೋಗುತ್ತದೆ ಅಲ್ವಾ?

ಹತ್ತಿರ ನಿಂತು ತೆಗೆದರೆ ಸೊಂಟ ದಪ್ಪ, ಕಾಲು ಸಣ್ಣ ಕಾಣುತ್ತದೆ. ಎರಡು ಮೂರು ಮೀಟರ್ ಹಿಂದೆ ಸರಿದು 2 ಎಕ್ಸ್ ಜೂಮ್ ಹಾಕಿಕೊಳ್ಳಿ. ಫೋನು ಪ್ಯಾಂಟಿನ ನಡುಮಟ್ಟದಲ್ಲಿ ಇರಲಿ. ಮುಂದೆ, ಹಿಂದೆ, ಜೇಬು, ಒಳಗಿನ ಹೊಲಿಗೆ, ಮತ್ತೆ ಸೊಂಟದ ಮೇಲೆ ಇಂಚ್ ಟೇಪ್ ಇಟ್ಟ ಒಂದು ಚಿತ್ರ. ಈ ಕೊನೆಯದು ಸೈಜಿನ ತಕರಾರು ಕಡಿಮೆ ಮಾಡುತ್ತದೆ. ಗುಂಡಿ, ರಿವೆಟ್ ಹೊಳೆದು ಬಿಳಿ ಚುಕ್ಕೆಯಾದರೆ ಬೆಳಕಿಗೆ ಒಂದು ತೆಳು ಬಿಳಿ ಪಂಚೆ ಅಡ್ಡ ಕಟ್ಟಿ. ಕೊಪ್ಪಳದ ಹತ್ತಿರದ ಕಿನ್ನಾಳದ ಬೊಂಬೆ ತೆಗೆಯುವಾಗ ನಾನು ಇದನ್ನು ಕಲಿತೆ. ಆ ಬಣ್ಣದ ಹೊಳಪಿನಲ್ಲಿ ಬಾಗಿಲು, ನಾನು, ಫೋನು ಎಲ್ಲಾ ಕಾಣುತ್ತಿತ್ತು.

ಅಮೆಜಾನ್‌ಗೆ ಹಾಕುವುದಾದರೆ ಮುಖ್ಯ ಚಿತ್ರದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಮಾಲು ಚೌಕಟ್ಟಿನ ಶೇ 85ರಷ್ಟು ತುಂಬಬೇಕು. ಉದ್ದದ ಬದಿ 1000 ಪಿಕ್ಸೆಲ್‌ಗಿಂತ ಜಾಸ್ತಿ ಇದ್ದರೆ ಗಿರಾಕಿ ದೊಡ್ಡದು ಮಾಡಿ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡೆನಿಮ್ಮಿನ ನೇಯ್ಗೆ ಹೋಗುತ್ತದೆ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಸಾವಿರದೊಳಗೆ ಒಂದು ಟ್ರೈಪಾಡ್ ತಗೊಳ್ಳಿ. ಮಾಡೆಲ್ ಹಾಕಿ ಕ್ಯಾಟಲಾಗ್ ಮಾಡಿಸುವ ಯೋಚನೆ ಇದ್ದರೆ ಆಷಾಢದವರೆಗೆ ತಡೆಯಿರಿ. ಆಗ ಮದುವೆ ಇರೋದಿಲ್ಲ, ಊರಿನ ಮದುವೆ ಫೋಟೊಗ್ರಾಫರ್‌ಗಳು ಬಿಡುವಾಗಿರುತ್ತಾರೆ, ದಿನದ ರೇಟೂ ಮಾತಾಡಿಕೊಳ್ಳಬಹುದು. ಮೋಡ ಮುಚ್ಚಿದ ಆಕಾಶ ಬೇರೆ, ಇಡೀ ದಿನ ಮೆತ್ತನೆಯ ಬೆಳಕು. ಬಣ್ಣ ಏರಿಸಬೇಡಿ ಅಂತ ಅವರಿಗೆ ಮೊದಲೇ ಹೇಳಿಬಿಡಿ.

ನಾಳೆ ಬೆಳಿಗ್ಗೆ ಒಂದೇ ಪ್ಯಾಂಟು ಶಟರ್ ಬಳಿ ಒಮ್ಮೆ, ಟ್ಯೂಬ್‌ಲೈಟ್ ಕೆಳಗೆ ಒಮ್ಮೆ ತೆಗೆದು ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.