ಬಂದೂಕು ಕಾರಿನಲ್ಲಿ, ಕಾರು ಯಾರ ನೆಲದಲ್ಲಿ?

ಡಾಲಸ್ ಬಳಿಯ ಓದುಗರೊಬ್ಬರ ಪತ್ರದ ಸಾರ: ‘ನಾನು ಅಮೆರಿಕದ ಪ್ರಜೆ, ಟೆಕ್ಸಾಸ್‌ನ ಪಿಸ್ತೂಲು ಲೈಸೆನ್ಸು ಇದೆ. ಜೂನ್‌ನಲ್ಲಿ ಲ್ಯಾವನ್ ಸರೋವರದ ದಡದಲ್ಲಿ ಒಂದು ರಾತ್ರಿ ಡೇರೆ ಹಾಕಿ, ಜುಲೈನಲ್ಲಿ ಕೊಲರಾಡೊ ಮೂಲಕ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕಾರಿನಲ್ಲಿ ಹೋಗುವವರಿದ್ದೇವೆ. ಜೊತೆಗೆ ಊರಿನಿಂದ ಬಂದಿರುವ ಅಪ್ಪ-ಅಮ್ಮ, ಎಚ್-1ಬಿ ವೀಸಾದ ಮೇಲಿರುವ ಭಾವಮೈದ. ಕರಡಿಯ ಭಯಕ್ಕೆ ಪಿಸ್ತೂಲು ಒಯ್ಯಬಹುದೇ? 2010ರಿಂದ ಫೆಡರಲ್ (ಕೇಂದ್ರ ಸರ್ಕಾರದ) ಜಾಗಗಳಲ್ಲೆಲ್ಲ ಅನುಮತಿ ಇದೆ ಎನ್ನುತ್ತಾರೆ ಸ್ನೇಹಿತರು.’

ಸಂಪಾದಕರ ಉತ್ತರ:

ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಸಿಕ್ಕಿಹಾಕಿಕೊಳ್ಳುವವರಲ್ಲಿ ಹೆಚ್ಚಿನವರು ಉಳಿದ ಅರ್ಧದಲ್ಲೇ ಎಡವುವುದು. ಫೆಡರಲ್ ನೆಲಕ್ಕೆಲ್ಲ ಒಂದೇ ನಿಯಮ ಎಂಬುದಿಲ್ಲ. ಆ ನೆಲವನ್ನು ಯಾವ ಇಲಾಖೆ ನೋಡಿಕೊಳ್ಳುತ್ತದೆ, ಅದು ಯಾವ ರಾಜ್ಯದಲ್ಲಿದೆ, ಬಂದೂಕು ಯಾರ ಕೈಯಲ್ಲಿದೆ ಎಂಬ ಮೂರೂ ಸೇರಿ ಉತ್ತರ ಹುಟ್ಟುತ್ತದೆ. ನಿಮ್ಮ ಪ್ರವಾಸದಲ್ಲಿ ಮೂರೂ ಬದಲಾಗುತ್ತ ಹೋಗುತ್ತವೆ.

ಮೂರನೆಯದರಿಂದಲೇ ಶುರುಮಾಡೋಣ, ಏಕೆಂದರೆ ನಮ್ಮವರಿಗೆ ದೊಡ್ಡ ಅಪಾಯ ಇರುವುದು ಅಲ್ಲೇ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಮುಂತಾದ ವಲಸೆಯೇತರ ವೀಸಾದ ಮೇಲೆ, ಅಂದರೆ ಕೆಲಸ, ಓದು, ಪ್ರವಾಸಕ್ಕೆಂದು ತಾತ್ಕಾಲಿಕವಾಗಿ, ಬಂದವರು ಬಂದೂಕನ್ನಾಗಲೀ ಗುಂಡನ್ನಾಗಲೀ ಹೊಂದುವುದು ಫೆಡರಲ್ ಅಪರಾಧ. ಅಮೆರಿಕದ ಕಾನೂನು ಸಂಹಿತೆಯ 18ನೇ ಶೀರ್ಷಿಕೆಯ 922(ಜಿ)(5) ಕಲಂ ಇದನ್ನು ಹೇಳುತ್ತದೆ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೂ ಅದೇ ಕಾರಣವಾಗಬಹುದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ಕಲಂ ಅನ್ವಯಿಸದು. ಅರ್ಜಿ ಹಾಕಿ ಕಾಯುತ್ತಿರುವವರು ವಲಸೆ ವಕೀಲರನ್ನು ಕೇಳದೆ ಮುಟ್ಟಬಾರದು.

ಹೊಂದುವುದು ಎಂದರೆ ಸ್ವಂತಕ್ಕೆ ಕೊಳ್ಳುವುದು ಮಾತ್ರವಲ್ಲ. ಫೋಟೋಗೆಂದು ಅಪ್ಪನ ಕೈಗೆ ಪಿಸ್ತೂಲು ಕೊಡುವುದು, ಗುರಿ ಅಭ್ಯಾಸದ ಜಾಗದಲ್ಲಿ ಭಾವಮೈದ ನಾಲ್ಕು ಗುಂಡು ಹೊಡೆಯುವುದು ಎರಡೂ ಇದರೊಳಗೆ ಬರುತ್ತವೆ. ಬಂದೂಕು ಕೈಯಲ್ಲಿಲ್ಲದಿದ್ದರೂ ಅದರ ಮೇಲೆ ಹಿಡಿತವಿದ್ದರೆ ಸಾಕು. ನೀವು ಪಿಸ್ತೂಲನ್ನು ಕಾರಿನಲ್ಲಿ ಬಿಟ್ಟು, ‘ಎಸಿ ಹಾಕಿಕೊಂಡು ಕೂತಿರು’ ಎಂದು ಭಾವಮೈದನಿಗೆ ಕೀಲಿಗೊಂಚಲು ಕೊಟ್ಟು ಹೋದರೆ, ಪೆಟ್ಟಿಗೆಯ ಕೀಲಿಯೂ ಆ ಗೊಂಚಲಲ್ಲೇ ಇದ್ದರೆ, ಹಿಡಿತ ಅವನದು ಎಂದು ವಾದಿಸಲು ಸರ್ಕಾರಿ ವಕೀಲರಿಗೆ ದಾರಿಯಾಗುತ್ತದೆ. ಇಂಥವರ ಕೈಗೆ ತಿಳಿದೂ ಬಂದೂಕು ಒಪ್ಪಿಸಿದವರ ಮೇಲೂ ಕೇಸಾಗಬಹುದು.

ಆರೋಪಿಗೆ ತನ್ನ ವಲಸೆ ಸ್ಥಿತಿ ತಿಳಿದಿತ್ತೆಂದು ಸರ್ಕಾರ ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ ನಿಜ. ಆ ಪ್ರಕರಣವೂ ವಿದ್ಯಾರ್ಥಿ ವೀಸಾದಲ್ಲಿ ಬಂದವನೊಬ್ಬ ಗುರಿ ಅಭ್ಯಾಸಕ್ಕೆ ಹೋದದ್ದರಿಂದಲೇ ಹುಟ್ಟಿತು. ಆದರೆ ವೀಸಾ ಸ್ಟ್ಯಾಂಪಿಂಗಿಗೆ ದಿನ ಎಣಿಸುವ ಎಚ್-1ಬಿ ನೌಕರ ‘ನನ್ನ ಸ್ಥಿತಿ ನನಗೆ ಗೊತ್ತಿರಲಿಲ್ಲ’ ಎಂದರೆ ಯಾರು ನಂಬುತ್ತಾರೆ?

ಇದಕ್ಕೆ ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು ಹೊಂದಿರುವವರಿಗೆ ಈ ಕಲಂ ಅಡ್ಡ ಬಾರದು. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗೆ ಹೋಗಲು ಬೇಟೆ ಶಿಕ್ಷಣದ ಕೋರ್ಸನ್ನೂ ಮುಗಿಸಿರಬೇಕು. ತಪ್ಪುವುದು ತಾರೀಕಿನಲ್ಲಿ: ಅಲ್ಲಿನ ಬೇಟೆ ಲೈಸೆನ್ಸು, ಜುಲೈನಲ್ಲಿ ಕೊಂಡರೂ, ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ತೆಗೆದುಕೊಳ್ಳಲು ಮರೆತವರಿಗೆ ಸೆಪ್ಟೆಂಬರ್ 1ರಿಂದ ಮನೆಯ ಬೀರುವಿನಲ್ಲಿರುವ ಬಂದೂಕೇ ಅಪರಾಧ. ಜೊತೆಗೆ ಕೆಲವು ರಾಜ್ಯಗಳು ವಿದೇಶೀಯರಿಗೆ ತಮ್ಮದೇ ಬೇರೆ ನಿಯಮ ಇಟ್ಟಿವೆ. ಫೆಡರಲ್ ವಿನಾಯಿತಿ ಅವನ್ನು ಅಳಿಸುವುದಿಲ್ಲ.

ಇನ್ನು ನೆಲದ ಮಾತು. ಸ್ನೇಹಿತರು ಹೇಳಿದ ಕಾನೂನು 2009ರ ಮೇ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ಮಸೂದೆಯೊಳಗೆ ಸೇರಿ ಅಂಗೀಕಾರವಾಗಿ, 2010ರ ಫೆಬ್ರವರಿ 22ರಂದು ಜಾರಿಗೆ ಬಂತು. ಅದರ ವ್ಯಾಪ್ತಿ ಎರಡಕ್ಕೇ: ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಗಗಳು ಮತ್ತು ರಾಷ್ಟ್ರೀಯ ವನ್ಯಜೀವಿ ಆಶ್ರಯಗಳು. ಅದು ಯಾರಿಗೂ ಹೊಸದಾಗಿ ಬಂದೂಕು ಕೊಡಲಿಲ್ಲ. ಆ ವ್ಯಕ್ತಿಗೆ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಆ ರಾಜ್ಯದ ಕಾನೂನೂ ಒಪ್ಪಿದರೆ, ಪಾರ್ಕ್ ಇಲಾಖೆ ತಡೆಯುವಂತಿಲ್ಲ. ಕಾನೂನು ಹೇಳುವುದು ಇಷ್ಟೇ.

ಲ್ಯಾವನ್ ಸರೋವರ ಈ ಎರಡರಲ್ಲೂ ಇಲ್ಲ. ಅದು ಸೇನಾ ಎಂಜಿನಿಯರ್ ದಳದ್ದು. ಡಾಲಸ್ ಸುತ್ತಿನ ಲೂಯಿಸ್‌ವಿಲ್, ಗ್ರೇಪ್‌ವೈನ್, ಅಟ್ಲಾಂಟಾ ಕಡೆಯ ಲೇನಿಯರ್, ಅಲಟೂನ ಎಲ್ಲವೂ ಆ ದಳದ ಸರೋವರಗಳೇ. ಕನ್ನಡ ಕುಟುಂಬಗಳು ಪಿಕ್ನಿಕ್ಕಿಗೆ ಹೋಗುವ ಜಾಗಗಳೂ ಹೌದು. ದಳದ ಲಿಖಿತ ನಿಯಮ, ಫೆಡರಲ್ ನಿಯಮಾವಳಿಯ 36ನೇ ಶೀರ್ಷಿಕೆಯ 327.13, ಗುಂಡು ತುಂಬಿದ ಬಂದೂಕನ್ನು ನಿಷೇಧಿಸುತ್ತದೆ. ಜನ ಗಮನಿಸದ ಭಾಗ ಮುಂದಿದೆ: ಪಟ್ಟಿಯಲ್ಲಿ ಮದ್ದುಗುಂಡಿಗೂ ಪ್ರತ್ಯೇಕ ಹೆಸರಿದೆ. ಪಿಸ್ತೂಲು ಖಾಲಿ ಇದ್ದರೂ ಡಿಕ್ಕಿಯಲ್ಲಿ ಗುಂಡಿನ ಡಬ್ಬಿ ಇದ್ದರೆ ನಿಯಮ ಮುರಿದಂತೆಯೇ. ವಿನಾಯಿತಿ ಇರುವುದು ಪೊಲೀಸರಿಗೆ, ಅನುಮತಿಸಿದ ಜಾಗದಲ್ಲಿ ಬೇಟೆ ಅಥವಾ ಮೀನುಗಾರಿಕೆಗೆ ಬಳಸುವವರಿಗೆ, ಅಧಿಕೃತ ಗುರಿ ಅಭ್ಯಾಸದ ಜಾಗಕ್ಕೆ, ಜಿಲ್ಲಾ ಕಮಾಂಡರರ ಲಿಖಿತ ಅನುಮತಿ ಪಡೆದವರಿಗೆ. ಬೇಟೆಗಾರರೂ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಬಂದೂಕು ಖಾಲಿ ಮಾಡಿಕೊಂಡಿರಬೇಕು. ಟೆಕ್ಸಾಸ್ ಲೈಸೆನ್ಸು ಈ ಪಟ್ಟಿಯಲ್ಲಿ ಇಲ್ಲ. ಮುರಿದರೆ 5,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ಈ ನಿಯಮ ಐಡಾಹೊ, ಜಾರ್ಜಿಯಾಗಳ ಪ್ರಕರಣಗಳಲ್ಲಿ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ. ಸಡಿಲಿಸುವ ಪ್ರಸ್ತಾವವೂ 2020ರಲ್ಲಿ ಹೊರಬಂದಿತ್ತು. ಆದ್ದರಿಂದ ಹೊರಡುವ ವಾರ ಸರೋವರದ ಕಚೇರಿಗೆ ಫೋನ್ ಮಾಡಿ, ಆ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಕೇಳಿ. ‘ಲೈಸೆನ್ಸು ಇದ್ದರೆ ತರಬಹುದೇ’ ಎಂದಷ್ಟೇ ಕೇಳಬೇಡಿ. ‘ಗುಂಡಿನ ಡಬ್ಬಿ ಕಾರಿನಲ್ಲಿ ಇರಬಹುದೇ’ ಎಂದು ಬಿಡಿಸಿ ಕೇಳಿ.

ಕೊಲರಾಡೊದಲ್ಲಿ ತೊಂದರೆ ಮ್ಯಾಗಜೀನಿನದು, ಅಂದರೆ ಪಿಸ್ತೂಲಿಗೆ ಗುಂಡು ಒದಗಿಸುವ ಗೂಡಿನದು. 2013ರ ಜುಲೈ 1ರ ನಂತರ ಕೊಂಡ, 15ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನು ಅಲ್ಲಿ ನಿಷಿದ್ಧ. ಗ್ಲಾಕ್ 17 ಪಿಸ್ತೂಲಿನ ಜೊತೆ ಸಾಮಾನ್ಯವಾಗಿ ಬರುವುದು 17 ಗುಂಡಿನದು. ಟೆಕ್ಸಾಸ್ ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಜೊತೆಗೆ 2025ರ ಜನವರಿಯಿಂದ, ಯಾರೂ ಇಲ್ಲದ ಕಾರಿನಲ್ಲಿ ಪಿಸ್ತೂಲು ಬಿಟ್ಟುಹೋಗುವುದಾದರೆ ಅದು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಕಣ್ಣಿಗೆ ಬೀಳದಂತೆ ಇರಬೇಕು. ಕಾರಿಗೂ ಬೀಗ ಹಾಕಿರಬೇಕು.

ರಾಜ್ಯಗಳ ನಡುವೆ ಸಾಗಿಸುವವರಿಗೆ ಫೆಡರಲ್ ಕಾನೂನಿನ ಒಂದು ರಕ್ಷಣೆ ಇದೆ. ಹೊರಡುವ ಕಡೆಯೂ ತಲುಪುವ ಕಡೆಯೂ ನಿಮಗೆ ಆ ಬಂದೂಕು ಇಟ್ಟುಕೊಳ್ಳುವ ಹಕ್ಕಿರಬೇಕು, ಅದು ಖಾಲಿ ಇರಬೇಕು, ಬಂದೂಕು ಮತ್ತು ಗುಂಡು ಎರಡೂ ಕೂತಲ್ಲಿಂದ ಕೈಗೆ ಸಿಗಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ಮಿನಿವ್ಯಾನ್, ಎಸ್‌ಯುವಿಗಳಲ್ಲಿ ಬೀಗದ ಪೆಟ್ಟಿಗೆಯೇ ಬೇಕು. ಡ್ಯಾಶ್‌ಬೋರ್ಡಿನ ಗೂಡು, ಎರಡು ಸೀಟಿನ ನಡುವಿನ ಗೂಡು ಲೆಕ್ಕಕ್ಕಿಲ್ಲ. ಇದು ದಾರಿಯಲ್ಲಿ ಹಾದುಹೋಗುವವರಿಗೆ ಮಾತ್ರ. ಕೊಲರಾಡೊದಲ್ಲಿ ಮೂರು ದಿನ ಉಳಿದು ಬೆಟ್ಟ ಸುತ್ತುತ್ತ ಈ ರಕ್ಷಣೆಯನ್ನೇ ನೆಚ್ಚಿಕೊಳ್ಳಬೇಡಿ.

ಯೆಲ್ಲೊಸ್ಟೋನ್ ಪಾರ್ಕ್ ಸರ್ವಿಸ್‌ನದು, ಆದ್ದರಿಂದ 2010ರ ಕಾನೂನು ಅಲ್ಲಿ ಸಲ್ಲುತ್ತದೆ. ಪಾರ್ಕಿನ ಬಹುಪಾಲು ವಯೋಮಿಂಗ್‌ನಲ್ಲಿದ್ದು, ಅಂಚುಗಳು ಮೊಂಟಾನ ಮತ್ತು ಐಡಾಹೊಗೆ ಸೇರುತ್ತವೆ. ನಿಂತ ನೆಲದ ರಾಜ್ಯದ ಕಾನೂನು ನೋಡಬೇಕು. ಆದರೆ ಸಂದರ್ಶಕ ಕೇಂದ್ರ, ರೇಂಜರ್ ಠಾಣೆ, ಕಚೇರಿಗಳಂತಹ ಫೆಡರಲ್ ನೌಕರರು ನಿತ್ಯ ಕೆಲಸ ಮಾಡುವ ಕಟ್ಟಡಗಳೊಳಗೆ ಬಂದೂಕು ಒಯ್ಯುವಂತಿಲ್ಲ. ಬಾಗಿಲಲ್ಲಿ ಫಲಕ ಇರುತ್ತದೆ. ಒಯ್ದರೆ 1 ವರ್ಷದವರೆಗೆ ಸೆರೆ. ಅಮ್ಮನ ಚೀಲದ ಹಣ್ಣು ಕೊಯ್ಯುವ ಚಾಕುವನ್ನೂ ಒಮ್ಮೆ ನೋಡಿಕೊಳ್ಳಿ: ಈ ಕಾನೂನು ಹೆಸರು ಹೇಳಿ ಬಿಟ್ಟಿರುವುದು ಎರಡೂವರೆ ಇಂಚಿಗಿಂತ ಚಿಕ್ಕ ಅಲಗಿನ ಜೇಬುಚಾಕುವನ್ನು ಮಾತ್ರ.

ಒಯ್ಯಬಹುದು ಎಂದ ಮಾತ್ರಕ್ಕೆ ಹೊಡೆಯಬಹುದು ಎಂದಲ್ಲ. ಪಾರ್ಕಿನಲ್ಲಿ ಗುಂಡು ಹಾರಿಸುವುದು ನಿಷಿದ್ಧ. ಗ್ರಿಜ್ಲಿ ಕರಡಿ ಸಂರಕ್ಷಿತ ಪ್ರಾಣಿ. ಕೊಂದರೆ ಆತ್ಮರಕ್ಷಣೆಯೇ ಆಗಿತ್ತೆ ಎಂಬ ತನಿಖೆ ಎದುರಿಸಬೇಕು. ಪಾರ್ಕಿನ ಪಕ್ಕದ ನ್ಯಾಷನಲ್ ಫಾರೆಸ್ಟ್‌ನಲ್ಲಿ ಒಯ್ಯುವುದಕ್ಕೆ ರಾಜ್ಯದ ಕಾನೂನೇ ಆಧಾರ, ಆದರೆ ಅಲ್ಲೂ ಮನೆ, ಕ್ಯಾಂಪು, ಜನ ಇರುವ ಜಾಗದಿಂದ 150 ಗಜದೊಳಗೆ, ರಸ್ತೆಗೆ ಅಡ್ಡಲಾಗಿ, ಗುಹೆಯೊಳಗೆ ಗುಂಡು ಹಾರಿಸಕೂಡದು.

ನಮ್ಮ ಸಲಹೆ ನೇರವಾಗಿಯೇ ಇರಲಿ: ಈ ಪ್ರವಾಸಕ್ಕೆ ಪಿಸ್ತೂಲು ಬೇಡ. ಆರು ಜನರ ಕಾರಿನಲ್ಲಾಗಲಿ ನಾಲ್ಕು ಜನರ ಕಾರಿನಲ್ಲಾಗಲಿ, ಮೂವರು ಮುಟ್ಟಲೇಬಾರದ ವಸ್ತುವನ್ನು ವಾರಗಟ್ಟಲೆ ಕಾಯುತ್ತ ತಿರುಗುವುದು ಕಷ್ಟ. ಕರಡಿಗೆ ಪಾರ್ಕೇ ಹೇಳುವ ಸಾಧನ ಕರಡಿ ಸ್ಪ್ರೇ, ಅಂದರೆ ಕರಡಿಯತ್ತ ಖಾರದ ಮೋಡ ಚಿಮ್ಮಿಸುವ ಡಬ್ಬಿ. ಅದಕ್ಕೆ ವೀಸಾ ಅಡ್ಡ ಬಾರದು, ಅಪ್ಪ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಕನಿಷ್ಠ 225 ಗ್ರಾಂನ, ‘ಕರಡಿಗೆ’ ಎಂದೇ ಬರೆದಿರುವ ಡಬ್ಬಿ ಕೊಳ್ಳಿ. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ ಸಾಲದು. ಬೆನ್ನಚೀಲದೊಳಗೆ ಹುದುಗಿಸದೆ ಸೊಂಟದ ಪಟ್ಟಿಯಲ್ಲಿಡಿ. ಕರಡಿ ನುಗ್ಗಿ ಬಂದರೆ 30ರಿಂದ 60 ಅಡಿ ದೂರದಲ್ಲಿರುವಾಗಲೇ ತುಸು ಕೆಳಮುಖವಾಗಿ ಸಿಂಪಡಿಸಿ, ನಡುವೆ ಮೋಡದ ಗೋಡೆ ಏಳಬೇಕು. ಅವಧಿ ಮುಗಿದ ಡಬ್ಬಿಯಲ್ಲಿ ಒತ್ತಡ ಇಳಿದಿರುತ್ತದೆ. ಬಿಸಿಲಿಗೆ ಕಾದ ಕಾರಿನಲ್ಲಿ ಡಬ್ಬಿ ಸಿಡಿಯಬಹುದು. ವಿಮಾನದಲ್ಲಿ ಕೈಚೀಲಕ್ಕೂ ಸಲ್ಲದು, ಚೆಕ್-ಇನ್ ಸಾಮಾನಿಗೂ ಸಲ್ಲದು. ಯೊಸೆಮಿಟಿಗೆ ಹೋಗುವವರು ಗಮನಿಸಿ: ಅಲ್ಲಿ ಕರಡಿ ಸ್ಪ್ರೇಗೇ ನಿಷೇಧವಿದೆ. ಎಲ್ಲಕ್ಕೂ ಮೊದಲು ಕರಡಿ, ತೋಳಗಳಿಂದ 100 ಗಜ, ಕಾಡೆಮ್ಮೆಗಳಿಂದ 25 ಗಜ ದೂರ ಇರಬೇಕೆಂಬುದು ಯೆಲ್ಲೊಸ್ಟೋನ್‌ನ ನಿಯಮ.

ಕೊನೆಗೆ ಅಪ್ಪ-ಅಮ್ಮನ ವಾಪಸು ಪ್ರಯಾಣದ ವಿಷಯ. ನೀವು ಗುರಿ ಅಭ್ಯಾಸಕ್ಕೆ ಒಯ್ಯುವ ಚೀಲವನ್ನು ಅವರಿಗೆ ಸಾಮಾನು ತುಂಬಲು ಕೊಡಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಜೀವಂತ ಗುಂಡು ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ. ಕೊಟ್ಟೇ ತೀರಬೇಕೆಂದರೆ ಚೀಲದ ಪ್ರತಿ ಜೇಬನ್ನೂ ಒಳಹೊರಗು ಮಾಡಿ, ಅಸ್ತರಿನ ಹೊಲಿಗೆ ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿ.

— ಸಂಪಾದಕ