ಸೊಸೈಟಿ ಸಾಲದಲ್ಲಿ ತಂದ ಗೊಬ್ಬರವನ್ನಷ್ಟೇ ಎಚ್‌ಲೆಡ್ಜರ್‌ನಲ್ಲಿ ತೆಗೆಯೋದು ಹೇಗೆ

ತೋಟದ ಲೆಕ್ಕವನ್ನು ಎಚ್‌ಲೆಡ್ಜರ್‌ನಲ್ಲಿ (hledger, ಕಮಾಂಡ್ ಟೈಪ್ ಮಾಡಿ ಲೆಕ್ಕ ನೋಡುವ ಸಾಫ್ಟ್‌ವೇರ್) ಇಟ್ಟಿದ್ದೀರಿ. ಸೊಸೈಟಿ ಸಾಲದಲ್ಲಿ ಎಷ್ಟು ರೂಪಾಯಿಯ ಗೊಬ್ಬರ ಬಂತು ಅಂತ ನೋಡಬೇಕು. ಆದರೆ ಲೈನ್‌ಗಳ ಪಟ್ಟಿ ಕೊಡುವ ‘ರಿಜಿಸ್ಟರ್’ (register) ಕಮಾಂಡ್‌ಗೆ ಎರಡೂ ಖಾತೆ ಕೊಟ್ಟರೆ ಗೊಬ್ಬರದ್ದೆಲ್ಲ, ಸಾಲದ್ದೆಲ್ಲ ಬೆರೆತು ಬರ್ತಿದೆ, ಅಲ್ವಾ ಸರ್?

ಅದು ಹಾಗೇ ಬರೋದು. ಎರಡು ಖಾತೆ ಕೊಟ್ಟರೆ ‘ಇದು ಅಥವಾ ಅದು’ ಎಂದೇ ಅರ್ಥ. ಜೊತೆಗೆ ‘ರಿಜಿಸ್ಟರ್’ ಒಂದೊಂದೇ ಲೈನ್ ನೋಡುತ್ತದೆ. ಒಂದು ಲೈನಿನಲ್ಲಿ ಇರೋದು ಒಂದೇ ಖಾತೆ. ‘ಪ್ರಿಂಟ್’ (print) ಕಮಾಂಡ್ ಹಾಗಲ್ಲ, ಒಂದು ಲೈನ್ ಹೊಂದಿದರೂ ಇಡೀ ಎಂಟ್ರಿಯನ್ನೇ ಕೊಡುತ್ತದೆ.

ಹಾಗಾಗಿ ಎರಡು ಸಲ ಸೋಸಿ. ಮೊದಲು ‘ಪ್ರಿಂಟ್’ಗೆ ‘ಸಾಲ:ಸೊಸೈಟಿ’ ಕೊಡಿ. ಬಂದದ್ದನ್ನು ಪೈಪ್ (|) ಹಾಕಿ ಇನ್ನೊಂದು ಎಚ್‌ಲೆಡ್ಜರ್‌ಗೆ ದಾಟಿಸಿ, ಅಲ್ಲಿ ಖಾತೆಯ ಮೊತ್ತ ತೋರಿಸುವ ‘ಬ್ಯಾಲೆನ್ಸ್’ (balance) ಕಮಾಂಡ್‌ಗೆ ‘ಖರ್ಚು:ಗೊಬ್ಬರ’ ಕೊಡಿ. ಎರಡನೆಯದರಲ್ಲಿ ಮೈನಸ್ ಎಫ್ (-f) ಆದಮೇಲೆ ಫೈಲ್ ಹೆಸರಿನ ಬದಲು ಬರೀ ಒಂದು ಹೈಫನ್. ನಡುನಡುವೆ ಬಾಕಿ ತಾಳೆ ನೋಡುವ ಲೈನ್ ಬರೆದಿದ್ದರೆ ಕ್ಯಾಪಿಟಲ್ ಐ (-I) ಆಯ್ಕೆಯನ್ನೂ ಸೇರಿಸಿ. ಇಲ್ಲದಿದ್ದರೆ, ಉಳಿದ ಎಂಟ್ರಿಗಳು ಸೋಸಿ ಹೋಗಿರುವುದರಿಂದ ಬಾಕಿ ತಾಳೆಯಾಗದೆ ಎರರ್ ಬರುತ್ತದೆ.

ಖಾತೆ ಹೆಸರು ಪೂರ್ತಿ ಬರೆಯಿರಿ. ಸುಮ್ನೆ ‘ಸೊಸೈಟಿ’ ಅಂದರೆ ‘ಆಸ್ತಿ:ಸೊಸೈಟಿ ಷೇರು’ ಕೂಡ ಒಳಗೆ ಬರುತ್ತದೆ.

ನಿಜವಾಗಿ ಎಡವೋದು ಇಲ್ಲಿ, ಇದನ್ನು ದಯವಿಟ್ಟು ಗಮನಿಸಿ:

2025-07-05 ಗೊಬ್ಬರ
    ಖರ್ಚು:ಗೊಬ್ಬರ     5000
    ಸಾಲ:ಸೊಸೈಟಿ     -3000
    ಆಸ್ತಿ:ನಗದು     -2000

ಸಾಲದಲ್ಲಿ ತಂದದ್ದು 3000, ಆದರೆ ಸೋಸಿದಾಗ ಬರೋದು 5000. ನಗದಿನ ಕಡೆಯಿಂದ ಸೋಸಿದರೂ ಅದೇ 5000. ಕಮಾಂಡಿನ ತಪ್ಪಲ್ಲ ಇದು. ಯಾವ ದುಡ್ಡು ಯಾವ ಮೂಟೆಗೆ ಹೋಯಿತು ಅನ್ನೋದು ಆ ಎಂಟ್ರಿಯಲ್ಲೇ ಇಲ್ಲ. ಬಡ್ಡಿ ರಿಯಾಯಿತಿ, ಮರುಪಾವತಿ ಎಲ್ಲ ಲೆಕ್ಕ ಹಾಕುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅದೇ ತಾರೀಕಿಗೆ ಎರಡು ಎಂಟ್ರಿ ಮಾಡಿ: 3000 ಸಾಲದಿಂದ, 2000 ನಗದಿನಿಂದ.

‘ರಿಜಿಸ್ಟರ್’ಗೆ ಮೈನಸ್ ಆರ್ (-r) ಹಾಕುವ ದಾರಿಯೂ ಇದೆ. ಕೊಟ್ಟ ಖಾತೆಯ ಬದಲು ಅದರ ಜೊತೆಗಿರುವ ಲೈನ್‌ಗಳನ್ನು ತೋರಿಸುತ್ತದೆ. ಸಾಲದ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಕಣ್ಣಾಡಿಸಲು ಚೆನ್ನಾಗಿದೆ, ಆದರೆ ಬಾಡಿಗೆ, ಹಮಾಲಿ ಎಲ್ಲವೂ ಬರುತ್ತವೆ. ಮೊತ್ತ ಬೇಕಿದ್ದರೆ ಪೈಪೇ ಸರಿ.

ಹಳೇ ಬೆರಕೆ ಎಂಟ್ರಿ ಹುಡುಕಲೂ ಅದೇ ಪೈಪ್ ಸಾಕು. ಮೊದಲ ‘ಪ್ರಿಂಟ್’ಗೆ ‘ಸಾಲ:ಸೊಸೈಟಿ’, ಎರಡನೇ ಸಲವೂ ‘ಪ್ರಿಂಟ್’ ಮಾಡಿ ‘ಆಸ್ತಿ:ನಗದು’ ಕೊಡಿ. ಎರಡೂ ಇರುವ ಎಂಟ್ರಿ ಮಾತ್ರ ಉಳಿಯುತ್ತವೆ. ಅವುಗಳಲ್ಲಿ ಕಂತು ಕಟ್ಟಿದ್ದನ್ನು ಬಿಟ್ಟು, ಗೊಬ್ಬರದವನ್ನು ಒಡೆದು ಬರೆಯಿರಿ.